ಹಳೆಯ ಪೆಟ್ಟಿಗೆಗೊಂದು ಹೊಸ ಕಾರ್ಡು

ಬೀದರ, ಭಾಲ್ಕಿ, ಕಲಬುರಗಿ ಕಡೆ ಒಂದು ಮದುವೆ ನಿಶ್ಚಯವಾಯಿತೆಂದರೆ ಹೈದರಾಬಾದಿನಲ್ಲಿರುವ ನಮ್ಮಂಥವರಿಗೆ ಫೋನು ಬಂದೇ ಬರುತ್ತದೆ. "ಬೇಗಂ ಬಜಾರಕ್ಕ ಬರ್ತೀವಿ, ನೀ ಜೋಡಿಗಿರಬೇಕ್ ನೋಡಪಾ." ಬಸ್ಸು ಮುಸಿ ನದಿಯ ನಡುವಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ತಂದು ಇಳಿಸುತ್ತದೆ. ಅಲ್ಲಿಂದ ಅಫ್ಜಲ್‌ಗಂಜ್ ದಾಟಿದರೆ ಬಜಾರು ಶುರು. ಹಿತ್ತಾಳೆ ಕೊಡ, ಸ್ಟೀಲಿನ ಡಬ್ಬಿ, ಗೋಡಂಬಿ, ಒಣದ್ರಾಕ್ಷಿ, ಪೂಜೆಯ ಸಾಮಾನು ಎಲ್ಲವೂ ಸಗಟು ದರಕ್ಕೆ. ಎರಡನೇ ಅಸಫ್ ಜಾ ನಿಜಾಂ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ಜಾಗವಂತೆ ಇದು. ಈ ನಗರ 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರಿಗೆಲ್ಲ ರಾಜಧಾನಿಯಾಗಿತ್ತು. ರಾಜ್ಯ ಬೇರೆಯಾದರೂ ಮದುವೆಯ ಜವಳಿ, ಭಾಂಡೆಗಳ ದಾರಿ ಬದಲಾಗಲಿಲ್ಲ. ಇಲ್ಲಿಯ ಗಲ್ಲಿಗಳಲ್ಲಿ ದಖನಿ, ತೆಲುಗು, ಮಾರವಾಡಿಗಳ ನಡುವೆ "ಜರಾ ಕಡಿಮಿ ಮಾಡ್ರಿ" ಎಂಬ ಕನ್ನಡ ಈಗಲೂ ಕಿವಿಗೆ ಬೀಳುತ್ತದೆ.

ನಮ್ಮ ಅಕ್ಕ ಭಾಂಡೆ ಅಂಗಡಿಯಲ್ಲಿ ಕೂತರೆ ನೋಡಬೇಕು. ಹಿತ್ತಾಳೆ ಪಾತ್ರೆಗೆ ಇಲ್ಲಿ ಬೆಲೆ ಕಟ್ಟುವುದು ತೂಕದ ಮೇಲೆ. ಆಕೆ ಮೊದಲು ಪಾತ್ರೆಯನ್ನು ಬೋರಲು ಹಾಕಿ ತಳ ನೋಡುತ್ತಾಳೆ, ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾಳೆ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾಳೆ, ಆಮೇಲಷ್ಟೇ ತಕ್ಕಡಿಗೆ ಕೊಡುತ್ತಾಳೆ. ದೊಡ್ಡ ಹಂಡೆಯನ್ನು ತೋರಿಸಿ ಅಂಗಡಿಯವರು ಎಷ್ಟು ಆಸೆ ಹಚ್ಚಿದರೂ ಆಕೆಯ ಮಾತು ಒಂದೇ: "ಒಲಿ ಎಷ್ಟ್ ದೊಡ್ಡದದ ಅಂತ ನೋಡ್ದೆ ಹಂಡೆ ತಗೊಂಡ್ರ ಅದು ಅಟ್ಟಕ್ಕೇ ಏರ್ತದ."

ಹಿಂದಿನ ಸಲ ಆಕೆಯ ಜೊತೆ ಬಂದಿದ್ದ ಮಗನಿಗೆ ಭಾಂಡೆಗಳಲ್ಲಿ ಆಸಕ್ತಿ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಮಾಮಾ, ನನ್ನ ಕಂಪ್ಯೂಟರಿಗಿ ಯಾವ್ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರ ಛಲೋ ಆಗ್ತದ?" ನನಗೆ ಬಹಳ ಸಂತೋಷವಾಯಿತು. ಹಳೆಯದನ್ನು ಎಸೆದು ಹೊಸದು ಕೊಡಿಸು ಎಂದು ಹಟ ಹಿಡಿಯದೆ, ಇರುವುದನ್ನೇ ಚೆಂದ ಮಾಡಿಕೊಳ್ಳುತ್ತೇನೆ ಎನ್ನುವ ಹುಡುಗರನ್ನು ಕಂಡರೆ ನನಗೆ ಅಭಿಮಾನ. ಅವನದು ಡೆಲ್ ಆಪ್ಟಿಪ್ಲೆಕ್ಸ್ 9020 ಟವರ್. ಐ5 ನಾಲ್ಕನೇ ತಲೆಮಾರಿನ ಪ್ರೊಸೆಸರ್, ಯಾವುದೋ ಕಚೇರಿ ಬಳಸಿ ಬಿಟ್ಟದ್ದು. ಕಚೇರಿಗಳಿಂದ ಹೊರಬಿದ್ದ ಇಂಥ ಯಂತ್ರಗಳು ಒರೆಸಿ, ತಿಕ್ಕಿ, ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳ ಮೊದಲ ಕಂಪ್ಯೂಟರುಗಳಾಗಿವೆ. ಹುಡುಗರು ಹಗಲು ಅದರಲ್ಲಿ ಪ್ರಾಜೆಕ್ಟು ಬರೆಯುತ್ತಾರೆ, ರಾತ್ರಿ ವ್ಯಾಲೊರಂಟ್ ಆಡುತ್ತಾರೆ, ಜಿಟಿಎ ಐದು ಆಡುತ್ತಾರೆ.

ಅವನ ಗೆಳೆಯರು ಹೇಳಿದ್ದು ಆರ್‌ಎಕ್ಸ್ 580. ಎಂಟು ಜಿಬಿ ಮೆಮೊರಿ, ಸೆಕೆಂಡ್ಸಿನಲ್ಲಿ ಅಗ್ಗ. ನಾನು ಹೇಳಿದ್ದು, ನಿಮ್ಮವ್ವ ಒಲೆಯ ಬಗ್ಗೆ ಹೇಳಿದಳಲ್ಲ, ಅದನ್ನೇ ಮೊದಲು ಕೇಳು ಎಂದು. ಕಂಪ್ಯೂಟರಿನಲ್ಲಿ ಒಲೆಯ ಜಾಗದಲ್ಲಿರುವುದು ಒಳಗೆ ಕರೆಂಟು ಹಂಚುವ ಡಬ್ಬಿ, ಎಸ್‌ಎಂಪಿಎಸ್. ಆ ಡೆಲ್ ಟವರಿನದು 290 ವ್ಯಾಟ್. ಗ್ರಾಫಿಕ್ಸ್ ಕಾರ್ಡು ಕೂರುವ ಉದ್ದನೆಯ ಸ್ಲಾಟು ತಾನಾಗಿ ಕೊಡುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದಲೇ ಬೇರೆ ಕೇಬಲು ಬರಬೇಕು: ಆರು ಪಿನ್ನಿನದಾದರೆ ಇನ್ನೊಂದು 75, ಎಂಟು ಪಿನ್ನಿನದಾದರೆ 150 ವ್ಯಾಟ್. 2017ರಲ್ಲಿ ಬಂದ ಆರ್‌ಎಕ್ಸ್ 580ಗೆ ಸುಮಾರು 185 ವ್ಯಾಟ್ ಬೇಕು. ಆ ಟವರಿನಲ್ಲಿ ಕಾರ್ಡಿಗೆಂದು ಬಿಟ್ಟ ಕೇಬಲೇ ಇಲ್ಲ. ಎಸ್‌ಎಂಪಿಎಸ್ ಬದಲಿಸೋಣವೆಂದರೆ ಆ ಮದರ್‌ಬೋರ್ಡಿನ ಮುಖ್ಯ ಕನೆಕ್ಟರು ಎಂಟು ಪಿನ್ನಿನದು, ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್‌ನದು 24 ಪಿನ್ನಿನದು. ನಡುವೆ ಒಂದು ಕನ್ವರ್ಟರ್ ಬೇಕೇ ಬೇಕು. ಹಾರ್ಡ್ ಡಿಸ್ಕಿನ ಸಾಟಾ ಕೇಬಲಿನಿಂದ ಕಾರ್ಡಿಗೆ ಕರೆಂಟು ಎಳೆಯುವ ಅಗ್ಗದ ಕನ್ವರ್ಟರುಗಳೂ ಸಿಗುತ್ತವೆ. ಸಾಟಾ ಕನೆಕ್ಟರು 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್ ಮಾತ್ರ. ಅದರ ಮೇಲೆ ಹೇರಿದರೆ ಪ್ಲಾಸ್ಟಿಕ್ಕು ಕರಗುತ್ತದೆ, ಬೆಂಕಿಯೂ ಹತ್ತಬಹುದು. ಮಕ್ಕಳು ಮಲಗುವ ಕೋಣೆಯಲ್ಲಿ ಅಂಥದ್ದನ್ನು ಹಾಕಬೇಡಿ.

ಅಗ್ಗದ ಆರ್‌ಎಕ್ಸ್ 580ಗಳ ಹಿಂದೆ ಒಂದು ಕಥೆಯೂ ಇದೆ. ಈಥೀರಿಯಂ ನಾಣ್ಯ ತೆಗೆಯಲು ಪ್ರಪಂಚದ ತುಂಬ ಜನ ಗ್ರಾಫಿಕ್ಸ್ ಕಾರ್ಡುಗಳನ್ನು ಸಾಲಾಗಿ ಕಟ್ಟಿ ಹಗಲೂ ರಾತ್ರಿ ಓಡಿಸಿದರು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಆ ಪದ್ಧತಿಯನ್ನೇ ಬಿಟ್ಟಿತು, ದುಡಿದು ದಣಿದ ಕಾರ್ಡುಗಳು ಸೆಕೆಂಡ್ಸ್ ಮಾರುಕಟ್ಟೆಗೆ ಹರಿದವು. ಆರ್‌ಎಕ್ಸ್ 580 ಎಂಬ ಹೆಸರಿನ ಮುಂದೆ 2048ಎಸ್‌ಪಿ ಎಂದು ಬರೆದದ್ದೂ ಸಿಗುತ್ತದೆ. ಮೂಲ ಕಾರ್ಡಿನಲ್ಲಿ ಲೆಕ್ಕ ಮಾಡುವ ಘಟಕಗಳು 2304, ಇದರಲ್ಲಿ 2048. ಇದಕ್ಕಿಂತ ಕೆಟ್ಟದ್ದೂ ಇದೆ. ಹತ್ತು ವರ್ಷ ದಾಟಿದ ಕಾರ್ಡಿನ ಬಯಾಸ್ ತಿದ್ದಿ ಎನ್‌ವಿಡಿಯಾದ 1050 ಟಿಐ ಎಂದು ಹೆಸರು ತೋರುವಂತೆ ಮಾಡಿರುತ್ತಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಇಂಥ ಬಹುತೇಕ ಮೋಸ ಅಲ್ಲೇ ಬಯಲಾಗುತ್ತದೆ.

ಹಾಗಾದರೆ ನಿಜವಾದ 1050 ಟಿಐ? 2016ರ ಆ ಕಾರ್ಡು ಸ್ಲಾಟಿನ 75 ವ್ಯಾಟಿನಲ್ಲೇ ಓಡಿ ಎಷ್ಟೋ ಬಡ ಗೇಮರುಗಳ ಆಸೆ ತೀರಿಸಿತು. ಅದರ ಮೇಲೆ ನನಗೆ ಗೌರವ. ಆದರೆ ಎನ್‌ವಿಡಿಯಾ 2025ರ ಅಕ್ಟೋಬರಿಗೆ 900 ಮತ್ತು 1000 ಸರಣಿಗಳಿಗೆ ಹೊಸ ಆಟಗಳ ಡ್ರೈವರು ನಿಲ್ಲಿಸಿತು. ಭದ್ರತೆಯ ತಿದ್ದುಪಡಿಗಳು ಮಾತ್ರ 2028ರವರೆಗೆ ಬರುತ್ತವೆ. ಮನೆಯಲ್ಲಿ ಈಗಾಗಲೇ ಇದ್ದರೆ ಇರಲಿ, ಹೊಸದಾಗಿ ದುಡ್ಡು ಕೊಟ್ಟು ತರುವ ಕಾಲ ಮುಗಿಯಿತು.

ಎಎಂಡಿಯ ಆರ್‌ಎಕ್ಸ್ 6400 ಬರೀ 53 ವ್ಯಾಟಿನದು, ಗಿಡ್ಡ ಕ್ಯಾಬಿನೆಟ್ಟಿಗೂ ಹೊಂದುತ್ತದೆ. ಆದರೆ ಅದು ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ದಾರಿಗಳಲ್ಲಿ. ಹೊಸ ಬೋರ್ಡಿನಲ್ಲಿ ಆ ದಾರಿಗಳ ವೇಗ ಹೆಚ್ಚು, ನಾಲ್ಕನೇ ತಲೆಮಾರಿನ ಬೋರ್ಡಿನಲ್ಲಿ ಅದರ ಅರ್ಧ. ಹಳೆಯ ಯಂತ್ರಕ್ಕೆಂದೇ ಹೇಳಿ ಮಾಡಿಸಿದಂತೆ ಕಾಣುವ ಈ ಕಾರ್ಡು ಹಳೆಯ ಯಂತ್ರದಲ್ಲೇ ಸೊರಗುತ್ತದೆ. ಆಟವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗರಿಗೆ ಇನ್ನೊಂದು ಕೊರತೆ: ವಿಡಿಯೊ ಎನ್‌ಕೋಡರು ಇದರಲ್ಲಿ ಇಲ್ಲ. ಇಂಟೆಲ್ಲಿನ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೋರ್ಡಿನಲ್ಲಿರಬೇಕು. ನಾಲ್ಕನೇ ತಲೆಮಾರಿನ ಕಾಲದ ಬೋರ್ಡುಗಳಲ್ಲಿ ಕಂಪನಿಗಳು ಅದನ್ನು ಕೊಟ್ಟಿಲ್ಲ.

ಉಳಿದದ್ದು ಎರಡು. 2019ರ ಜಿಟಿಎಕ್ಸ್ 1650, ನಾಲ್ಕು ಜಿಬಿ, 75 ವ್ಯಾಟ್. 2024ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ ಆರು ಜಿಬಿ ಕಾರ್ಡು, 70 ವ್ಯಾಟ್. ಇಲ್ಲಿ ಹುಷಾರಾಗಿರಬೇಕು. ಎಂಟು ಜಿಬಿಯ 3050 ಬೇರೆಯೇ ಕಾರ್ಡು, ಅದಕ್ಕೆ 130 ವ್ಯಾಟ್ ಬೇಕು, ಕೇಬಲೂ ಬೇಕು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಒಂದೇ. 1650ರಲ್ಲೂ ಕೆಲವು ಮಾಡೆಲ್ಲುಗಳಿಗೆ ಆರು ಪಿನ್ನಿನ ಬಾಯಿ ಇರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಬಣ್ಣದ ಚಿತ್ರವನ್ನು ನಂಬದೆ ಕಾರ್ಡನ್ನೇ ಕೈಗೆ ತೆಗೆದುಕೊಂಡು ಅದರ ಅಂಚನ್ನು ನೋಡಬೇಕು. ಪಿನ್ನಿನ ಬಾಯಿ ಇಲ್ಲದಿದ್ದರೆ ಮಾತ್ರ ಅದು ನಮ್ಮ ಕಾರ್ಡು.

ಕಾರ್ಡು ಹಾಕಿದ ಮೇಲೂ ಪ್ರೊಸೆಸರು ಹಳೆಯದೇ. ನಾಲ್ಕು ಕೋರಿನ ಐ5ಗೆ ಭಾರೀ ಕಾರ್ಡು ಜೋಡಿಸಿದರೆ ಕಾರ್ಡು ಅರ್ಧ ಹೊತ್ತು ಕೆಲಸವಿಲ್ಲದೆ ಕಾಯುತ್ತದೆ. ವ್ಯಾಲೊರಂಟಿನಂಥ ಆಟದಲ್ಲಿ ಪ್ರೊಸೆಸರಿನದೇ ಹೆಚ್ಚು ದುಡಿಮೆ. ನಾಲ್ಕು ಜಿಬಿಯ ಒಂದೇ ರ‍್ಯಾಮ್ ಇದ್ದರೆ ಅಷ್ಟೇ ಗಾತ್ರದ ಇನ್ನೊಂದನ್ನು ಜೋಡಿಸುವುದು, ಒಂದು ಎಸ್‌ಎಸ್‌ಡಿ ಹಾಕುವುದು, ಇವೆರಡೂ ಕಾರ್ಡಿನಷ್ಟೇ ಮುಖ್ಯ. ಮಾನಿಟರಿನ ಹಿಂಭಾಗವನ್ನೂ ನೋಡಿ. ಅಲ್ಲಿ ನೀಲಿ ವಿಜಿಎ ಒಂದೇ ಇದ್ದರೆ, ಈಗಿನ ಕಾರ್ಡುಗಳಲ್ಲಿ ಅದಿಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರಿಗೂ ಬಜೆಟ್ಟಿನಲ್ಲಿ ಜಾಗ ಇಡಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ಲಿನ ಎಂಟನೇ ತಲೆಮಾರಿನಿಂದ. ಅಡ್ಡದಾರಿಯಲ್ಲಿ 11 ಹಾಕಿಕೊಂಡರೆ ವ್ಯಾಲೊರಂಟ್ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ, ಇಷ್ಟು ಹಳೆಯ ಯಂತ್ರದಲ್ಲಿ ಅದು ಇರುವುದು ಕಷ್ಟ. ಈ ಕಾರಣಕ್ಕೇ ನಾನು ಹೇಳುವುದು: ಹಳೆಯ ಯಂತ್ರಕ್ಕೆ ಹಾಕುವ ಕಾರ್ಡು ಮುಂದೆ ಹೊಸ ಯಂತ್ರಕ್ಕೂ ಕಿತ್ತು ಹಾಕುವಂತಿರಬೇಕು. ಆರು ಜಿಬಿಯ 3050 ಹಾಗೆ ಎರಡು ಮನೆ ಬಾಳುವ ಕಾರ್ಡು.

ಬೇಗಂ ಬಜಾರಿನಲ್ಲಿ ಭಾಂಡೆ ಸಿಗುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಅಲ್ಲಿ ಹುಡುಕಬೇಡಿ. ಹತ್ತಿರದ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸಿನ ಅಂಗಡಿಗಳಿವೆ, ಕೇಬಲು, ಕನ್ವರ್ಟರುಗಳನ್ನು ಅಲ್ಲಿ ವಿಚಾರಿಸಬಹುದು. ಕಾರ್ಡಿಗೆ ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚಿನಾಯ್ ಟ್ರೇಡ್ ಸೆಂಟರಿಗೇ ಹೋಗಬೇಕು. ಎಲ್ಲರೂ ಸಿಟಿಸಿ ಎನ್ನುವುದು ಇದನ್ನೇ. ಅವ್ವ ಬಜಾರಿನಲ್ಲಿ ಚೌಕಾಸಿ ಮಾಡುತ್ತಿರುವಾಗಲೇ ಮಗ ಹೋಗಿ ಬರಬಹುದು. ಬಸ್ ನಿಲ್ದಾಣದ ಮಗ್ಗುಲಲ್ಲೇ ಮೆಟ್ರೊ ಇದೆ, 2020ರಲ್ಲಿ ಶುರುವಾದ ಹಸಿರು ಮಾರ್ಗ ಪರೇಡ್ ಗ್ರೌಂಡಿಗೆ ಮುಟ್ಟಿಸುತ್ತದೆ, ಅಲ್ಲಿಂದ ಆಟೊ. ಅಂಗಡಿಯಲ್ಲಿ ಅಕ್ಕನ ಹಾಗೇ ನಡೆದುಕೊಳ್ಳಬೇಕು. ಸೆಕೆಂಡ್ಸ್ ಆದರೆ ಎದುರಿಗೇ ಹಾಕಿಸಿ ಆಟ ಓಡಿಸಿ ನೋಡಬೇಕು, ಫ್ಯಾನಿನ ಸದ್ದು ಕೇಳಬೇಕು, ಸ್ಕ್ರೂಗಳ ತಲೆ ಸವೆದಿದೆಯೇ ನೋಡಬೇಕು. ಹೊಸದಾದರೆ ಸೀರಿಯಲ್ ನಂಬರು ಬರೆದ ಪಕ್ಕಾ ಬಿಲ್ಲು ಕೇಳಬೇಕು. ವಾರಂಟಿಗೆ ಆ ಕಾಗದವೇ ಆಧಾರ.

ದೊಡ್ಡ ಕಾರ್ಡಿನ ಹೆಸರು ಹೇಳಿ ಆಸೆ ಹುಟ್ಟಿಸುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಮಾತು ಕೇಳುವ ಮುಂಚೆ ನಿಮ್ಮ ಯಂತ್ರದ ಮಾತು ಕೇಳಿ. ಮನೆಯಿಂದ ಹೊರಡುವ ಮುನ್ನ ಪ್ಲಗ್ಗು ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಎಸ್‌ಎಂಪಿಎಸ್ ಮೇಲಿನ ಚೀಟಿಯದೊಂದು, ಸ್ಲಾಟಿನದೊಂದು, ಮಾನಿಟರಿನ ಹಿಂಭಾಗದ್ದೊಂದು ಫೋಟೊ ತೆಗೆದುಕೊಳ್ಳಿ. ಸಿಟಿಸಿಯ ಕೌಂಟರಿನಲ್ಲಿ ಮೊದಲು ಆ ಮೂರು ಫೋಟೊ ತೋರಿಸಿ, ದರದ ಮಾತು ಆಮೇಲೆ ಆಡಿ.