ದಿಂಬಂ ಘಾಟಿಯೂ ಒಂದು ಸಿಲಿಂಡರ್ ಹೆಡ್ಡೂ

ವ್ಯಾಪಾರಸ್ಥರ ಮನೆಯಲ್ಲಿ ಹುಡುಗರು ಹಣ ಕೇಳುವುದು ಹೊಸದೇನಲ್ಲ. ಯಾವುದಕ್ಕೆ ಕೇಳುತ್ತಾರೆ ಎಂಬುದು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಸೈಕಲ್ಲು, ನಮ್ಮ ಕಾಲದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲು. ನಮ್ಮ ಅಣ್ಣನ ಮಗ ಕೇಳಿದ್ದು ಕಾರಿನ ಸಿಲಿಂಡರ್ ಹೆಡ್ಡಿಗೆ.

ಅವನ ಬಳಿ ಇರುವುದು ಹಳೆಯ ಸ್ಯಾನ್ ಸ್ಟಾರ್ಮ್. 1998ರಲ್ಲಿ ಸ್ಯಾನ್ ಮೋಟಾರ್ಸ್‌ನವರು ನಮ್ಮ ದೇಶದಲ್ಲೇ ತಯಾರಿಸಿ ಹೊರತಂದ ಎರಡು ಆಸನದ, ಫೈಬರ್ ಗ್ಲಾಸ್ ಮೈಯ ಕಾರು. ಎಂಜಿನ್ ಫ್ರಾನ್ಸಿನ ರೆನೊ ಕಂಪನಿಯದು: 1149 ಸಿ.ಸಿ., ಎಂಟು ವಾಲ್ವು, ಸುಮಾರು 60 ಅಶ್ವಶಕ್ತಿ. ಚಾಮರಾಜನಗರದಿಂದ ಈರೋಡಿನ ಅರಿಶಿನ ಮಾರುಕಟ್ಟೆಗೆ ನಮ್ಮ ಮನೆಯವರ ಓಡಾಟ ಸದಾ ಇರುವುದರಿಂದ, ದಿಂಬಂ ಘಾಟಿ ನಮಗೆ ಅಂಗಳವಿದ್ದಂತೆ. ತಾಳವಾಡಿಯ ಕನ್ನಡ ಸೀಮೆ ಮುಗಿದು ಬಣ್ಣಾರಿಯ ಕಡೆಗೆ ಇಳಿಯುವ ಆ ರಸ್ತೆಯಲ್ಲಿ 27 ಕೊಂಡಿ ತಿರುವುಗಳಿವೆ.

"ಚಿಕ್ಕಪ್ಪ, ದಿಂಬಂ ಹತ್ತುವಾಗ ಗಾಡಿಗೆ ಉಸಿರೇ ಸಾಲುವುದಿಲ್ಲ. ಹದಿನಾರು ವಾಲ್ವಿನ ಹೆಡ್ ಹಾಕಿಸಿದರೆ ಲಾರಿಗಳನ್ನು ಒಂದೇ ಎಳೆತಕ್ಕೆ ದಾಟಬಹುದು" ಎಂದ.

ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಹಿರಿಯರಿಗೆ ಸುಲಭ. ಆದರೆ ಸರಕು ನೋಡದೆ ಬೆಲೆ ಕಟ್ಟುವುದು ನಮ್ಮ ಮನೆಯ ಪದ್ಧತಿಯಲ್ಲ. ಆದ್ದರಿಂದ ಅವನ ಜೊತೆ ಕೊಯಮತ್ತೂರಿಗೆ ಹೋಗಿ, ಎಂಜಿನ್ ಕೆಲಸದಲ್ಲಿ ನುರಿತ ಒಬ್ಬ ಮೇಸ್ತ್ರಿಯ ಹತ್ತಿರ ಅರ್ಧ ದಿನ ಕುಳಿತೆವು. ಅಲ್ಲಿ ತಿಳಿದದ್ದನ್ನು ಓದುಗರಿಗೂ ಹೇಳಬೇಕು.

ಎಂಜಿನ್ ಎಂದರೆ ಗಾಳಿಯನ್ನು ಎಳೆದುಕೊಳ್ಳುವ ಪಂಪು. ಎಷ್ಟು ಗಾಳಿ ಒಳಗೆ ಹೋಗುತ್ತದೆಯೋ ಅದಕ್ಕೆ ತಕ್ಕಷ್ಟೇ ಪೆಟ್ರೋಲು ಉರಿಯುತ್ತದೆ, ಅಷ್ಟೇ ಶಕ್ತಿ ಬರುತ್ತದೆ. ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ, ಅವುಗಳ ಬಾಗಿಲುಗಳಾದ ವಾಲ್ವುಗಳು, ಇಂಧನ ಉರಿಯುವ ಗೂಡು, ಇವೆಲ್ಲ ಇರುವುದು ಹೆಡ್ಡಿನಲ್ಲಿಯೇ. ಹುಡುಗನ ಲೆಕ್ಕ ಸುಳ್ಳಲ್ಲ. ಇದೇ 1149 ಸಿ.ಸಿ. ಅಳತೆಯಲ್ಲಿ ರೆನೊ ಕಂಪನಿಯವರು ಹದಿನಾರು ವಾಲ್ವಿನ ಎಂಜಿನ್ ಮಾಡಿದಾಗ ಶಕ್ತಿ 60ರಿಂದ 75ಕ್ಕೆ ಏರಿತು.

ಆದರೆ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. ಗಾಳಿಯ ದಾರಿಯನ್ನು ಬೇಕಾಬಿಟ್ಟಿ ಅಗಲ ಮಾಡಿದರೆ, ಎಂಜಿನ್ ನಿಧಾನವಾಗಿ ತಿರುಗುವಾಗ ಗಾಳಿಯ ಓಟ ಸಡಿಲವಾಗುತ್ತದೆ. ಪೆಟ್ರೋಲು ಚೆನ್ನಾಗಿ ಬೆರೆಯುವುದಿಲ್ಲ, ಎಳೆತ ಸೊರಗುತ್ತದೆ. ದೊಡ್ಡ ಹೆಡ್ಡಿನ ಲಾಭ ಸಿಗುವುದು ಎಂಜಿನ್ ಬಹು ವೇಗವಾಗಿ ತಿರುಗುವಾಗ. ಕೊಂಡಿ ತಿರುವಿನಲ್ಲಿ ಒಂದನೆಯ, ಎರಡನೆಯ ಗೇರಿನಲ್ಲಿ ಏಳುವ ಗಾಡಿಗೆ ಬೇಕಾದದ್ದು ಕೆಳಗಿನ ಸುತ್ತಿನ ಎಳೆತ. ವಹಿವಾಟು ಇಲ್ಲದ ಊರಿನಲ್ಲಿ ದೊಡ್ಡ ಗೋದಾಮು ಬಾಡಿಗೆಗೆ ಹಿಡಿದವರ ಪಾಡನ್ನು ನಾವು ನೋಡಿಲ್ಲವೇ?

ಎರಡನೆಯದು ಒತ್ತಡದ ಅನುಪಾತ. 1149ನ್ನು ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದಕ್ಕೆ ಸುಮಾರು 287 ಸಿ.ಸಿ. ಅನುಪಾತ 9 ಇರಬೇಕಾದರೆ ಉರಿಯುವ ಗೂಡು ಸುಮಾರು 36 ಸಿ.ಸಿ. ಇರಬೇಕು, 10 ಆಗಬೇಕಾದರೆ 32. ಅಂತರ ಒಂದು ಟೀ ಚಮಚಕ್ಕಿಂತ ಕಡಿಮೆ! ಹೆಡ್ಡಿನ ಅಡಿಯನ್ನು ಫೇಸಿಂಗ್ ಮಾಡಿ ಇದನ್ನು ಸಾಧಿಸುತ್ತಾರೆ. ಗೂಡಿನ ಮೇಲೆ ಗಾಜಿನ ಫಲಕವಿಟ್ಟು, ಬ್ಯೂರೆಟ್ಟಿನಿಂದ ಎಣ್ಣೆ ಬಿಟ್ಟು ಅಳೆಯುವುದನ್ನು ಮೇಸ್ತ್ರಿ ತೋರಿಸಿದರು. ಅಷ್ಟು ಮಾಡಿದರೆ ಸಿಗುವ ಲಾಭ ಶೇಕಡಾ 3ರಷ್ಟು, ಅಂದರೆ ಎರಡು ಅಶ್ವಶಕ್ತಿಗಿಂತ ಕಡಿಮೆ. ಅನುಪಾತ ಇನ್ನೂ ಏರಿಸಿದರೆ ಕಡಿಮೆ ಆಕ್ಟೇನಿನ ಪೆಟ್ರೋಲು ತಡೆಯದೆ ಎಂಜಿನ್ ಟಣಟಣ ಬಡಿಯುತ್ತದೆ, ಪಿಸ್ಟನ್ನಿಗೆ ಅಪಾಯ. ಇತ್ತ ಸಾವಿರ ಮೀಟರ್ ದಾಟಿದ ದಿಂಬಂನ ತೆಳುಗಾಳಿಯೇ ಶೇಕಡಾ ಹತ್ತರಷ್ಟು, ಎಂದರೆ ಆರು ಅಶ್ವಶಕ್ತಿಯನ್ನು ಕಳೆದುಬಿಡುತ್ತದೆ.

ಇನ್ನು ಖರ್ಚು. ಹೆಡ್ ಬದಲಾದರೆ ಕ್ಯಾಮ್ ಶಾಫ್ಟು, ಮ್ಯಾನಿಫೋಲ್ಡು, ಕಂಪ್ಯೂಟರು ಎಲ್ಲವನ್ನೂ ಹೊಂದಿಸಬೇಕು. ಹೆಚ್ಚಿದ ವೇಗಕ್ಕೆ ಬ್ರೇಕು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಮಿತಿ ಹಾಕಿದೆ. ಅದನ್ನು ಮೀರಿದರೆ ವಿಮೆಯವರೂ ತಕರಾರು ತೆಗೆಯಬಹುದು.

ಇಷ್ಟಾದರೂ ನಮ್ಮ ಮನಸ್ಸನ್ನು ಕೊರೆಯುತ್ತಿದ್ದುದು ಹಣವಲ್ಲ, "ಒಂದೇ ಎಳೆತಕ್ಕೆ ದಾಟಬಹುದು" ಎಂಬ ಅವನ ಮಾತು.

ಹಿಂತಿರುಗುವಾಗ ಅದೇ ಕಾರಿನಲ್ಲಿ ಘಾಟಿ ಹತ್ತಿದೆವು. ಮುಂದೆ ಭಾರ ಹೊತ್ತ ಲಾರಿ, ಒಂದೊಂದು ತಿರುವಿನಲ್ಲೂ ರಸ್ತೆಯ ಇಡೀ ಅಗಲ ತೆಗೆದುಕೊಂಡು ಹೊರಳುತ್ತಿತ್ತು. ತಿರುವಿನ ಆಚೆ ಏನಿದೆಯೆಂದು ಕಾಣುವುದಿಲ್ಲ. ಅದು ಸತ್ಯಮಂಗಲದ ಕಾಡು, 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ವಾಹನಗಳಿಗೆ ಸಿಕ್ಕಿ ವನ್ಯಜೀವಿಗಳು ಸಾಯುತ್ತಿದ್ದುದರಿಂದ 2022ರಲ್ಲಿ ಮದ್ರಾಸ್ ಹೈಕೋರ್ಟು ಇಲ್ಲಿ ರಾತ್ರಿ ಸಂಚಾರದ ನಿರ್ಬಂಧವನ್ನು ಜಾರಿಗೊಳಿಸುವಂತೆ ಆದೇಶ ನೀಡಿತು. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ನಮ್ಮ ಮನೆಯವರು ಹಗಲಿನಲ್ಲಿಯೇ ಘಾಟಿ ದಾಟುವುದು ಮೊದಲಿನಿಂದಲೂ ರೂಢಿ. ಆದರೆ ಹಗಲಿನಲ್ಲಿಯೂ ಅಲ್ಲಿ ಜಿಂಕೆ, ಮಂಗ, ಆನೆಗಳುಂಟು. ತಿರುವಿನಲ್ಲಿ ಒಂದು ತಾಯಿಮಂಗ ಮರಿಯನ್ನು ಅವಚಿಕೊಂಡು ರಸ್ತೆಗೆ ಇಳಿಯಿತು. ಹುಡುಗ ಬ್ರೇಕು ಒತ್ತಿದ, ಅದು ದಾಟಿತು. ಲಾರಿಯ ಹಿಂದೆ ನಿಧಾನವಾಗಿ ಬರುತ್ತಿದ್ದುದರಿಂದ ದಾಟಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಪ್ರಮಾದದಿಂದ ಪ್ರಾಣಹಾನಿ ಮಾಡುವುದೇ ಹಿಂಸೆ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ಮುನಿಗಳು ಈರ್ಯಾಸಮಿತಿಯಿಂದ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುತ್ತಾರೆ. ಶ್ರಾವಕರಾದ ನಾವು ಅಷ್ಟು ಪಾಲಿಸಲಾರೆವು. ಕಣ್ಣಿಗೆ ಕಾಣುವ ದೂರದೊಳಗೆ ಗಾಡಿ ನಿಲ್ಲಿಸುವಷ್ಟು ವೇಗವನ್ನಾದರೂ ಇಟ್ಟುಕೊಳ್ಳಬಾರದೇ?

ಮನೆಗೆ ಬಂದು ಅಣ್ಣ, ಅತ್ತಿಗೆ, ಹುಡುಗ ಎಲ್ಲರೂ ಕುಳಿತು ಮಾತಾಡಿದೆವು. ಎಂಟು ವಾಲ್ವಿನ ಹೆಡ್ಡೇ ಇರಲಿ. ಅದನ್ನು ಬಿಚ್ಚಿ ಸೊಟ್ಟವಾಗಿದೆಯೇ ನೋಡಿಸಿ, ವಾಲ್ವುಗಳನ್ನು ಲ್ಯಾಪಿಂಗ್ ಮಾಡಿಸಿ, ಗಾಳಿದಾರಿಯ ಒರಟು ಅಂಚುಗಳನ್ನು ನಯಗೊಳಿಸಿ, ಹೊಸ ಗ್ಯಾಸ್ಕೆಟ್ ಹಾಕಿಸುವುದು. ಅದಕ್ಕೂ ಮೊದಲು ಬ್ರೇಕು ಮತ್ತು ಟೈರು. ಈ ಖರ್ಚು ಮನೆಯದು. ವೇಗದ ಆಸೆಗೆ ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ರೇಸು ಕಾರುಗಳನ್ನು ಕಟ್ಟಿ, 1995ರಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರಿನ ಓಟದ ಮೈದಾನ ಅದು. ಅಲ್ಲಿ ಎದುರು ಗಾಡಿಯಿಲ್ಲ, ಆನೆಯಿಲ್ಲ. ಹದಿನಾರು ವಾಲ್ವಿನ ಆಸೆ ಇನ್ನೂ ಉಳಿದರೆ ಸ್ವಂತ ಸಂಪಾದನೆಯಲ್ಲಿ, ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು ಮಾಡಿಸಿಕೊಳ್ಳಲಿ.

ಹುಡುಗ ಪೂರ್ತಿ ಒಪ್ಪಿದನೆಂದು ಹೇಳಲಾರೆವು. "ನೋಡೋಣ ಚಿಕ್ಕಪ್ಪ" ಎಂದ. ಆದರೆ ಬ್ರೇಕಿನ ಪಟ್ಟಿ ಬರೆದು ತಂದವನು ಅವನೇ.

ಮಕ್ಕಳ ಕೈಗೆ ವಾಹನ ಕೊಡದ ಮನೆ ಇಂದು ನಮ್ಮ ಸಮಾಜದಲ್ಲಿ ಇಲ್ಲ. ಅವರು ಶಕ್ತಿ ಬೇಕೆಂದು ಕೇಳಿದಾಗ ಹಿರಿಯರು ಸಿಡುಕದೆ, ಅದರ ಒಳಹೊರಗನ್ನು ಅವರೊಂದಿಗೆ ಕುಳಿತು ತಿಳಿಯಬೇಕು. ಎಷ್ಟು ಬೇಕು, ಯಾವ ರಸ್ತೆಗೆ ಬೇಕು ಎಂದು ಕೇಳಬೇಕು. ಪರಿಗ್ರಹ ಪರಿಮಾಣವೆಂಬ ವ್ರತವನ್ನು ಬಂಗಾರ, ಭೂಮಿಗೆ ಮಾತ್ರ ಎಂದು ತಿಳಿಯದೆ, ಮನೆಯ ಮುಂದೆ ನಿಂತಿರುವ ಗಾಡಿಗೂ ಅನ್ವಯಿಸಿ ನೋಡಬಹುದಲ್ಲವೇ?