ಬರುವ ನೀರು, ಹೋಗುವ ನೀರು

ನಮ್ಮ ಕಡೆ ಹಿರಿಯರು ನೀರನ್ನು ಪರೀಕ್ಷಿಸುತ್ತಿದ್ದ ಬಗೆ ಬಹಳ ಸರಳವಾಗಿತ್ತು. ತೊಗರಿ ಬೇಳೆ ಬೇಗ ಬೆಂದರೆ ಅದು ಸಿಹಿ ನೀರು. ಎಷ್ಟು ಕಟ್ಟಿಗೆ ಉರಿಸಿದರೂ ಬೇಳೆ ಕಲ್ಲಿನಂತೆ ಉಳಿದರೆ ಅದು ಸವಳು ನೀರು. ಈ ಪರೀಕ್ಷೆಯನ್ನು ಅವೈಜ್ಞಾನಿಕವೆಂದು ತಳ್ಳಿಹಾಕುವಂತಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೇಳೆ ಮೆತ್ತಗಾಗದಂತೆ ತಡೆಯುತ್ತವೆಂದು ನಾನೇ ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ನಾಲಿಗೆಗೂ ಬೇಳೆಗೂ ಸಿಕ್ಕದ ಮೂರನೆಯ ಬಗೆಯ ನೀರೊಂದಿದೆ. ಅದು ತಿಳಿಯಾಗಿರುತ್ತದೆ, ರುಚಿಯಾಗಿರುತ್ತದೆ, ಬೇಳೆಯನ್ನೂ ಬೇಯಿಸುತ್ತದೆ. ಆದರೂ ಕುಡಿಯಲು ಯೋಗ್ಯವಲ್ಲ. ಅಂಥ ನೀರಿನಿಂದ ನಮ್ಮನ್ನು ಕಾಯಬಲ್ಲದ್ದು ಒಂದು ಅಂಕಿ ಮತ್ತು ಆ ಅಂಕಿಗೆ ಹೊಣೆಯಾಗುವ ಒಂದು ಕಾಯ್ದೆ. ಇಂದಿನ ಬರಹ ಅವೆರಡರ ಕುರಿತು. ಕಾಯ್ದೆ ಎಂದ ಕೂಡಲೇ ಪುಟ ಮಗುಚಬೇಡಿ. ಇದು ನಿಮ್ಮ ತವರಿನ, ನಿಮ್ಮ ಅತ್ತೆಮನೆಯ ಕೊಡದ ಮಾತು.

ನನ್ನ ಬಾಲ್ಯದಲ್ಲಿ ಈ ಭಾಗದ ಹಳ್ಳಿಗಳಲ್ಲಿ ನೀರೆಂದರೆ ಮೆಟ್ಟಿಲು ಬಾವಿ. ಕಾಲಿಳಿಸಿ ಕೊಡ ತುಂಬುವುದೇ ವಾಡಿಕೆ. ಆ ನೀರಿನೊಂದಿಗೆ ನಾರು ಹುಣ್ಣು ಬರುತ್ತಿತ್ತು. ನಮ್ಮ ಸೋದರಮಾವನ ಮೊಳಕಾಲ ಕೆಳಗೆ ಹೊರಬಂದ ಹುಳವನ್ನು ಕಡ್ಡಿಗೆ ಸುತ್ತಿ, ದಿನಕ್ಕೊಂದು ಬೆರಳಿನಷ್ಟು ಎಳೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿತ್ತನೆಯ ಹಂಗಾಮಿನಲ್ಲಿ ಗಂಡಾಳು ಹಾಸಿಗೆ ಹಿಡಿದರೆ ಆ ವರ್ಷದ ಬೆಳೆ ಹೋದಂತೆಯೇ. 1980ರ ದಶಕದಲ್ಲಿ ಸರ್ಕಾರ ಈ ರೋಗದ ನಿರ್ಮೂಲನೆಗೆ ಕೈಹಾಕಿತು. ಮೆಟ್ಟಿಲು ಬಾವಿಗಳು ಮುಚ್ಚಿದವು, ಊರೂರಿಗೆ ಕೈಪಂಪು ಬಂದವು. 1996ರಲ್ಲಿ ರಾಜಸ್ಥಾನದಲ್ಲಿ ಕಂಡ ಪ್ರಕರಣವೇ ದೇಶದಲ್ಲಿ ಕೊನೆಯದು. 2000ದಲ್ಲಿ ಭಾರತ ನಾರು ಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಬೋರು ಕೊರೆದಷ್ಟೂ ನಾವು ಬಂಡೆಯ ನೀರನ್ನು ಕುಡಿಯತೊಡಗಿದೆವು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ನೆಲದಡಿ ಬಹುತೇಕ ಗ್ರಾನೈಟು ಮತ್ತು ನೈಸ್ ಶಿಲೆ. ಅದರಲ್ಲಿ ಫ್ಲೋರೈಡು ಇದೆ. ಸುರಪುರದ ಕಡೆ ಮಂಗಳೂರು ಎಂಬ ಊರಿದೆ. ಕಡಲತೀರದ ಮಂಗಳೂರಲ್ಲ, ನಮ್ಮದೇ ಮಂಗಳೂರು. ಅದರ ಸುತ್ತಲಿನ ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುವುದು ಭೂಗರ್ಭದ ಸಾಮಾನ್ಯ ಸಂಗತಿ. ಈ ಭಾಗದ ಕಿರದಳ್ಳಿ ತಾಂಡಾದ ಬಗ್ಗೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಓದಿದ್ದೇನೆ. 59 ಕೊಳವೆಬಾವಿಗಳ ಮಾದರಿಗಳಲ್ಲಿ ಶೇಕಡಾ 79ರಷ್ಟರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಅತಿ ಹೆಚ್ಚೆಂದರೆ ಲೀಟರಿಗೆ 303 ಮೈಕ್ರೋಗ್ರಾಂ. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗೂ ಹೆಚ್ಚು ಆರ್ಸೆನಿಕ್ ಸಿಕ್ಕಿತು. ಗಣಿಯ ತ್ಯಾಜ್ಯದ ಪುಡಿಯೇ ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಊಹಿಸಿದರು.

ಮಿತಿ ಎಂದರೆ ಎಷ್ಟು? ಗಣಿತದ ಪಾಠದಂತೆ ನೋಡೋಣ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಸಂಹಿತೆಯ ಸಂಖ್ಯೆ 10500. 2012ರಲ್ಲಿ ಪರಿಷ್ಕೃತವಾದ ಅದರ ಪ್ರಕಾರ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಸಾವಿರ ಲೀಟರಿನ ಒಂದು ಟ್ಯಾಂಕಿನಲ್ಲಿ ಹತ್ತು ಮಿಲಿಗ್ರಾಂ, ಅಂದರೆ ಅಕ್ಕಿಯ ಅರ್ಧ ಕಾಳಿನಷ್ಟು ತೂಕ. ಫ್ಲೋರೈಡು 1 ಮಿಲಿಗ್ರಾಂ, ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟು 45. ಮಲಮೂತ್ರದ ಸಂಪರ್ಕವನ್ನು ಸೂಚಿಸುವ ಇ-ಕೋಲಿ ಬ್ಯಾಕ್ಟೀರಿಯ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಕ್ಲೋರಿನ್ ಹಾಕಿದ ನೀರಾದರೆ ನಳದ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇನ್ನೊಂದು ಮಾತು: ಕುದಿಸಿದರೆ ರೋಗಾಣು ಸಾಯುತ್ತವೆ, ಆರ್ಸೆನಿಕ್, ಫ್ಲೋರೈಡುಗಳು ಸಾಯುವುದಿಲ್ಲ. ನೀರು ಆವಿಯಾದಂತೆ ಅವು ಇನ್ನಷ್ಟು ಗಟ್ಟಿಯಾಗುತ್ತವೆ.

ಅಂಕಿಗಳು ಸರಿಯಾಗಿಯೇ ಇವೆ. ಆದರೆ ಅವನ್ನು ಪಾಲಿಸಲೇಬೇಕೆಂದು ನಳದ ನೀರು ಕೊಡುವವರನ್ನು ಕಟ್ಟಿಹಾಕುವ ಪ್ರತ್ಯೇಕ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ. ಬಾಟಲಿಯ ನೀರು ಆಹಾರ ಸುರಕ್ಷತಾ ಕಾನೂನಿನಡಿ ಬರುತ್ತದೆ. ಮಾರುವವನಿಗೆ ಪರವಾನಗಿ ಬೇಕು, ತಪ್ಪಿದರೆ ದಂಡ. ಅದೇ ಊರಿನ ನಳಕ್ಕೆ ಸಂಹಿತೆ ಒಂದು ಮಾರ್ಗದರ್ಶಿ ಮಾತ್ರ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಈ ಸಂಹಿತೆಯನ್ನೇ ಗುಣಮಟ್ಟವೆಂದು ಒಪ್ಪಿಕೊಂಡಿತು. ಜಲಮೂಲಗಳ ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ಬ್ಯಾಕ್ಟೀರಿಯ ಪರೀಕ್ಷೆ ಎರಡು ಸಲ, ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ಟಿನ ತರಬೇತಿ ಎಂದು ಗೊತ್ತುಮಾಡಿತು. ಇದು ಮೆಚ್ಚಬೇಕಾದ ಹೆಜ್ಜೆ. ಆದರೆ ಗುರಿಯೇ ಬೇರೆ, ಹೊಣೆಯೇ ಬೇರೆ. ಗುರಿ ತಪ್ಪಿದರೆ ಮುಂದಿನ ವರ್ಷ ನೋಡೋಣ ಎನ್ನಬಹುದು. ಹೊಣೆ ತಪ್ಪಿದರೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ.

ಇದು ಬರುವ ನೀರಿನ ಲೆಕ್ಕ. ಹೋಗುವ ನೀರಿನ ಲೆಕ್ಕ ಇನ್ನೂ ವಿಚಿತ್ರವಾದದ್ದು. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೆಯ ಕಲಮು ಹಳ್ಳಕ್ಕಾಗಲಿ ಬಾವಿಗಾಗಲಿ ವಿಷವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಕೊಳಚೆ ನೀರನ್ನೋ ಕಾರ್ಖಾನೆಯ ತ್ಯಾಜ್ಯ ನೀರನ್ನೋ ಹೊರಬಿಡಲು ಮಂಡಳಿಯ ಸಮ್ಮತಿ ಬೇಕೆಂದು 25ನೆಯ ಕಲಮು ಹೇಳುತ್ತದೆ. ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಜಲಪ್ರವಾಹ ಎಂಬುದರ ವ್ಯಾಖ್ಯೆ. ಹರಿಯುತ್ತಿರುವ ತೊರೆಯಷ್ಟೇ ಅಲ್ಲದೆ ಸದ್ಯಕ್ಕೆ ಒಣಗಿರುವ ತೊರೆಯೂ, ನೆಲದಡಿಯ ನೀರೂ ಅದರೊಳಗೆ ಸೇರುತ್ತವೆ. ವರ್ಷದಲ್ಲಿ ಕೆಲವೇ ದಿನ ಹರಿಯುವ ನಮ್ಮ ಹಳ್ಳಗಳಿಗೂ ಕಾನೂನಿನ ಕಣ್ಣಲ್ಲಿ ನದಿಯಷ್ಟೇ ಮಾನವಿದೆ. ಒಣಗಿದ ಹಳ್ಳ ಯಾರದ್ದೂ ಅಲ್ಲವೆಂದು ಕಸ ಸುರಿಯುವವರಿಗೆ ಇದನ್ನು ಓದಿ ಹೇಳಬೇಕು.

ಆದರೂ ಒಂದು ತೊಡಕಿದೆ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನಕದಂತೆ ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.2 ಮಿಲಿಗ್ರಾಂವರೆಗೆ ಇರಬಹುದು. ಕುಡಿಯುವ ನೀರಿನ ಮಿತಿಗಿಂತ ಇದು ಇಪ್ಪತ್ತು ಪಟ್ಟು. ಹೊರಬಿಟ್ಟ ನೀರು ತುಂಬಿದ ಹೊಳೆಯಲ್ಲಿ ಬೆರೆತು ತಿಳಿಯಾದೀತು ಎಂಬುದು ಇಂಥ ಲೆಕ್ಕದ ಹಿಂದಿನ ನಂಬಿಕೆ. ಕೃಷ್ಣೆಗೆ ಬಿಟ್ಟರೆ ಆ ನಂಬಿಕೆ ನಿಂತೀತು. ಏಪ್ರಿಲ್ ತಿಂಗಳ ನಮ್ಮ ಹಳ್ಳದಲ್ಲಿ ಬೆರೆಯಲು ನೀರೆಲ್ಲಿದೆ? ಬಿಟ್ಟದ್ದು ಬಿಟ್ಟಂತೆಯೇ ಮರಳಿಗೆ ಇಳಿಯುತ್ತದೆ.

ಇನ್ನು ಮಳೆ ನೀರಿಗೆ ಬರೋಣ. ಅದಕ್ಕೆ ನಮ್ಮಲ್ಲಿ ಪ್ರತ್ಯೇಕ ಪರವಾನಗಿಯ ಪದ್ಧತಿಯೇ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅಮೆರಿಕದ ಒಂದು ಊರಿನ ನಗರಾಡಳಿತದಲ್ಲಿ ಇದೇ ಕೆಲಸ ಮಾಡುತ್ತಾರೆ. ಹೋದ ವರ್ಷ ಊರಿಗೆ ಬಂದಾಗ ಅವರು ಹೇಳಿದ್ದು ಕೇಳಿ ನಾನು ಬೆರಗಾದೆ. ಅಲ್ಲಿ 1987ರಲ್ಲಿ ಕಾಯ್ದೆ ತಿದ್ದಿ ಮಳೆ ನೀರನ್ನೂ ಪರವಾನಗಿಯ ಒಳಗೆ ತಂದರಂತೆ. 1990ರಲ್ಲಿ ದೊಡ್ಡ ನಗರಗಳಿಗೆ, ಕಾರ್ಖಾನೆಗಳಿಗೆ. 1999ರ ನಿಯಮದಿಂದ ಸಣ್ಣ ಊರುಗಳಿಗೂ, ಒಂದು ಎಕರೆ ಮೀರಿದ ಕಟ್ಟಡ ಕಾಮಗಾರಿಗೂ. ಕಾಮಗಾರಿಯ ಮಣ್ಣು ಮಳೆಗೆ ಕೊಚ್ಚಿ ಹೋದರೂ ಮಾಲೀಕ ಉತ್ತರ ಕೊಡಬೇಕು. ಇನ್ನೊಂದು ಕಾಕತಾಳೀಯ: ನಮ್ಮ ಜಲ ಕಾಯ್ದೆ ಬಂದ 1974ರಲ್ಲೇ ಅವರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯೂ ಬಂತು. 1996ರ ತಿದ್ದುಪಡಿಯ ನಂತರ ನೀರು ಸರಬರಾಜು ಮಾಡುವವರು ಪರೀಕ್ಷೆಯ ಫಲಿತಾಂಶವನ್ನು ವರ್ಷಕ್ಕೊಮ್ಮೆ ಗ್ರಾಹಕರಿಗೆ ಮುಟ್ಟಿಸಲೇಬೇಕು. ಅಷ್ಟೆಲ್ಲ ಇದ್ದೂ ಅಲ್ಲಿ 2014ರಲ್ಲಿ ಫ್ಲಿಂಟ್ ನಗರದ ನಳದಲ್ಲಿ ಸೀಸ ಬಂದದ್ದುಂಟು. ಕಾಯ್ದೆಯಿದ್ದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಆದರೆ ಕೇಳುವವರ ಕೈಗೆ ಒಂದು ಹಿಡಿಕೆ ಸಿಗುತ್ತದೆ.

“ನಮ್ಮ ಕಡೆ ಮಳಿ ಬರೋದ ಅಪರೂಪ, ಅದಕ್ಕೂ ಪರವಾನಗಿ ಯಾಕ ಸರ್?” ಎಂದು ಪಕ್ಕದಲ್ಲಿ ಕುಳಿತಿದ್ದ ಅವರ ತಮ್ಮ ನಕ್ಕರು. ಅಪರೂಪವಾದ್ದರಿಂದಲೇ ಎಂದೆ. ಎಂಟು ತಿಂಗಳು ಬೀದಿ, ತಿಪ್ಪೆ, ಗಣಿಯ ದಿಬ್ಬ, ಗೊಬ್ಬರದ ಗದ್ದೆಗಳ ಮೇಲೆ ಕೂತದ್ದೆಲ್ಲ ಮೊದಲ ಮಳೆಗೆ ಒಟ್ಟಿಗೆ ಇಳಿಯುತ್ತದೆ. ಗುಡ್ಡಗಳ ಮಡಿಲಲ್ಲಿರುವ ಸುರಪುರ, ಶಹಾಪುರಗಳಲ್ಲಿ ಆ ನೀರು ಎಷ್ಟು ರಭಸದಿಂದ ಇಳಿಯುತ್ತದೆಂದು ನಿಮಗೆಲ್ಲ ಗೊತ್ತು. ಇಳಿದ ನೀರು ಚರಂಡಿ ಸೇರುತ್ತದೆ. ಅದೇ ಚರಂಡಿಯೊಳಗೆ ನಳದ ಪೈಪು ಹಾದುಹೋಗಿರುತ್ತದೆ. ನಮ್ಮಲ್ಲಿ ನೀರು ಬಿಡುವುದು ದಿನಕ್ಕೊಂದೆರಡು ತಾಸು, ಕೆಲವೆಡೆ ನಾಲ್ಕೈದು ದಿನಕ್ಕೊಮ್ಮೆ. ನೀರು ನಿಂತಾಗ ಖಾಲಿ ಪೈಪು ಹೊರಗಿನ ಕೊಳಚೆಯನ್ನು ಸೀಳಿನ ಮೂಲಕ ಒಳಗೆಳೆದುಕೊಳ್ಳುತ್ತದೆ. ಹೋಗುವ ನೀರು ಬರುವ ನೀರಾಗುವುದು ಹೀಗೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ವರದಿಗಳನ್ನು ನೀವು ಓದಿದ್ದೀರಿ.

ನಾನು ಶಹಾಪುರದಲ್ಲಿದ್ದಾಗ ಹತ್ತನೆಯ ತರಗತಿಯ ಮಕ್ಕಳಿಂದ ಒಂದು ಪ್ರಯೋಗ ಮಾಡಿಸಿದ್ದೆ. ರೋಗಾಣು ಪರೀಕ್ಷೆಯ ಸಣ್ಣ ಶೀಷೆಗಳಲ್ಲಿ ಮನೆಯ ನೀರು ತುಂಬಿ ಒಂದೆರಡು ದಿನ ಇಡುವುದು; ನೀರು ಕಪ್ಪಾದರೆ ಕೊಳಚೆ ಸೇರಿದೆ ಎಂದರ್ಥ. ಮಾರ್ಚ್ ತಿಂಗಳಲ್ಲಿ ಒಂದೆರಡು ಶೀಷೆ ಕಪ್ಪಾದವು. ಜೂನ್‌ನ ಮೊದಲ ಮಳೆಯ ನಂತರ ಹೊಸ ತರಗತಿಯ ಮಕ್ಕಳಿಂದ ಮತ್ತೆ ಮಾಡಿಸಿದಾಗ ಒಂದೇ ಓಣಿಯ ಶೀಷೆಗಳೆಲ್ಲ ಕಪ್ಪು. ಮಕ್ಕಳು ಕಾಗದದ ಮೇಲೆ ಓಣಿಯ ನಕ್ಷೆ ಬರೆದು ಕಪ್ಪು ಚುಕ್ಕೆ ಇಟ್ಟರು. ಚುಕ್ಕೆಗಳೆಲ್ಲ ಒಂದು ಚರಂಡಿಯ ಗುಂಟ ಸಾಲಾಗಿ ನಿಂತವು. ಆ ನಕ್ಷೆಯನ್ನು ಸಂಬಂಧಪಟ್ಟ ಕಚೇರಿಗೆ ಒಯ್ದೆ. “ಮಾಸ್ತರರೇ, ನಿಮ್ಮ ಶೀಷೆ ಅಧಿಕೃತವಲ್ಲ” ಎಂಬ ಉತ್ತರ ಬಂತು. ಅಧಿಕೃತ ಪರೀಕ್ಷೆಯ ಫಲಿತಾಂಶ ತೋರಿಸಿ ಎಂದೆ, ಅದು ಸಾರ್ವಜನಿಕರಿಗಲ್ಲವಂತೆ. ಕೊನೆಗೆ ಆ ಓಣಿಯ ತಾಯಂದಿರೇ ನಕ್ಷೆ ನೋಡಿ, ಮನೆಗಿಷ್ಟೆಂದು ಹಣ ಕೂಡಿಸಿ, ಪೈಪಿನ ಜೋಡಣೆಯನ್ನು ಚರಂಡಿಯಿಂದ ಮೇಲೆ ತೆಗೆಸಿದರು. ಅವರಿಗೆ ಸಂಹಿತೆಯ ಸಂಖ್ಯೆ ಗೊತ್ತಿರಲಿಲ್ಲ. ತಮ್ಮ ಮನೆಯ ಚುಕ್ಕೆ ಕಪ್ಪೋ ಬಿಳುಪೋ ಎಂಬುದು ಗೊತ್ತಾಗಿತ್ತು, ಅಷ್ಟು ಸಾಕಾಯಿತು.

ಅಂದಿನಿಂದ ನನ್ನಲ್ಲಿ ಬೇರೂರಿದ ಅಭಿಪ್ರಾಯವಿದು: ಫಲಿತಾಂಶ ಕೊಡ ಹೊರುವವರಿಗೆ ತಿಳಿಯದಿದ್ದರೆ ಪರೀಕ್ಷೆ ನಡೆದೂ ನಡೆಯದಂತೆ. ಇಂದು ಊರೂರಿಗೆ ಶುದ್ಧ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಆದರೆ ಘಟಕದ ಹಿಂದೆ ಹೋಗಿ ನೋಡಿದವರು ಕಡಿಮೆ. ಶೋಧಿಸಿ ಉಳಿದ ನೀರು, ಮೂಲದ ಫ್ಲೋರೈಡನ್ನೋ ಆರ್ಸೆನಿಕ್ಕನ್ನೋ ಇನ್ನೂ ಗಟ್ಟಿಯಾಗಿ ಹೊತ್ತುಕೊಂಡು, ಒಂದು ಪೈಪಿನಲ್ಲಿ ಹಳ್ಳದತ್ತ ಹೊರಡುತ್ತದೆ. ಅಲ್ಲಿ ದನ ಕುಡಿಯುತ್ತವೆ, ನೆಲ ಕುಡಿಯುತ್ತದೆ, ಕೆಳಗಿನ ಬೋರು ಕುಡಿಯುತ್ತದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಪಂಚಮಿಗೋ ದಸರೆಗೋ ಊರಿಗೆ ಬಂದಾಗ ಗ್ರಾಮ ಪಂಚಾಯತಿಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ. ನಮ್ಮ ನೀರಿನ ಮೂಲ ಯಾವುದು? ಕೊನೆಯ ಪರೀಕ್ಷೆ ಯಾವಾಗ ಆಯಿತು? ಅಂಕಿ ಎಷ್ಟು ಬಂತು? ಘಟಕದ ಮತ್ತು ಮಳೆಯ ನೀರು ಎಲ್ಲಿಗೆ ಹೋಗುತ್ತದೆ? ನೀರೂ ಚರಂಡಿಯೂ ಎರಡೂ ಪಂಚಾಯತಿಯದ್ದೇ ಹೊಣೆ, ಹಾಗಾಗಿ ಸಂಕೋಚ ಬೇಡ. ಉತ್ತರ ಬಾಯಿಮಾತಿನಲ್ಲಿ ಸಿಕ್ಕರೆ ಮಾಹಿತಿ ಹಕ್ಕಿನಡಿ ಬರೆದು ಕೇಳಿ.

ನಮ್ಮ ಊರುಗಳಲ್ಲಿ ಗುಡಿಗೆ ನೂರೊಂದು ರೂಪಾಯಿ ಕೊಟ್ಟವರ ಹೆಸರನ್ನೂ ಬಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತಾರೆ. ಅದೇ ಪೇಂಟರನಿಂದ ಪಂಚಾಯತಿಯ ಗೋಡೆಯ ಮೇಲೆ ನಾಲ್ಕು ಸಾಲು ಬರೆಸುವುದು ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ: ಆರ್ಸೆನಿಕ್ ಇಷ್ಟು, ಫ್ಲೋರೈಡು ಇಷ್ಟು, ಕ್ಲೋರಿನ್ ಇಷ್ಟು, ಪರೀಕ್ಷಿಸಿದ ದಿನಾಂಕ ಇಂಥದು. ನಿಮ್ಮ ಊರಿನಲ್ಲಿ ಯಾರಾದರೂ ಇದನ್ನು ಬರೆಸಿದರೆ ನನಗೊಂದು ಫೋಟೋ ಕಳುಹಿಸಿ. ಮೊಳಕಾಲು ನೋವಿದ್ದರೂ ಬಸ್ಸು ಹತ್ತಿ ಬಂದು ಆ ಗೋಡೆಯನ್ನು ಓದಿ ಹೋಗುತ್ತೇನೆ.