ಗಣಕಯಂತ್ರದ ವೇಗ: ನಮ್ಮದೊಂದು ಅನುಭವ

ಹೊಸ ಎತ್ತುಗಳನ್ನು ತಂದ ಒಕ್ಕಲಿಗನು ಅವುಗಳನ್ನು ನೊಗಕ್ಕೆ ಹೂಡಿ ನೋಡದೆ ಇರಲಾರ. ಗಣಕಯಂತ್ರವನ್ನು ತಂದವರ ಮನಸ್ಸೂ ಹಾಗೆಯೇ. ಅದು ಎಷ್ಟು ವೇಗವಾಗಿ ಓಡಬಲ್ಲುದೆಂಬ ಕುತೂಹಲ ನಮ್ಮನ್ನೂ ಕಾಡಿತು. ಆ ಕುತೂಹಲದಿಂದ ನಮಗೊಂದು ಪಾಠವಾಯಿತು. ಅದಕ್ಕೆ ತೆತ್ತ ಬೆಲೆ ನಮ್ಮ ಅವ್ವನ ಕೈಬರಹದ ಒಂದು ಪುಟ. ಅನೇಕ ಮನೆಗಳಲ್ಲಿ ಹಿರಿಯರ ಕಾಗದಪತ್ರಗಳೂ ಭಾವಚಿತ್ರಗಳೂ ಇಂದು ಗಣಕಯಂತ್ರದೊಳಗೆ ಸೇರುತ್ತಿರುವುದರಿಂದ, ಈ ಅನುಭವವನ್ನು ಓದುಗ ಬಂಧುಗಳ ಮುಂದಿಡುವುದು ಯೋಗ್ಯವೆಂದು ಭಾವಿಸಿದ್ದೇವೆ.

2020ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಧಾರವಾಡದ ನಮ್ಮ ಮನೆಗೆ ಒಂದು ಗಣಕಯಂತ್ರವನ್ನು ಕೂಡಿಸಿದೆವು. ರೈಜನ್ 5 3600 ಎಂಬ ಆರು ಕೋರುಗಳ ಪ್ರೊಸೆಸರು, ಎಂಟೆಂಟು ಜಿಬಿಯ ಎರಡು ಡಿಡಿಆರ್-4 ಮೆಮೊರಿ ಪಟ್ಟಿಗಳು. ಅಪ್ಪ-ಅವ್ವ ಪರಸ್ಪರ ಬರೆದುಕೊಂಡಿದ್ದ ಪತ್ರಗಳು ಕಬ್ಬಿಣದ ಟ್ರಂಕಿನಲ್ಲಿ ಜೀರ್ಣವಾಗುತ್ತಿದ್ದವು. ಅವುಗಳನ್ನು ಸ್ಕ್ಯಾನ್ ಮಾಡಿ ಉಳಿಸಿಕೊಳ್ಳುವುದು ನಮ್ಮ ಉದ್ದೇಶವಾಗಿತ್ತು.

2022ರ ಬೇಸಿಗೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗ ಮನೆಗೆ ಬಂದ. ಯಂತ್ರವನ್ನು ಪರೀಕ್ಷಿಸಿ, "ಕಾಕಾ, ನೀವು ಮೂವತ್ತಾರು ನೂರರ ಮೆಮೊರಿಗೆ ರೊಕ್ಕಾ ಕೊಟ್ಟೀರಿ, ಅದು ಇಪ್ಪತ್ತೊಂದು ನೂರರಾಗ ಓಡಾಕತ್ತೈತಿ" ಎಂದ. ನಮಗೆ ಆಶ್ಚರ್ಯವಾಯಿತು. ಮೋಸವೇನೂ ಆಗಿರಲಿಲ್ಲ. ಎಲ್ಲ ಪಟ್ಟಿಗಳೂ ನಿರಾತಂಕವಾಗಿ ಓಡಬಲ್ಲ ಸಾಮಾನ್ಯ ವೇಗದಲ್ಲಿಯೇ ಯಂತ್ರವು ಆರಂಭವಾಗುತ್ತದೆ. ನಮ್ಮಲ್ಲಿ ಅದು 2133. ಹೆಚ್ಚಿನ ವೇಗದ ವಿವರವು ಪಟ್ಟಿಯ ಮೇಲಿನ ಸಣ್ಣ ಚಿಪ್ಪಿನಲ್ಲಿ ದಾಖಲಾಗಿರುತ್ತದೆ. ಇಂಟೆಲ್ ಸಂಸ್ಥೆಯು 2007ರಲ್ಲಿ ತಂದ ಈ ಏರ್ಪಾಡಿಗೆ ಎಕ್ಸ್‌ಎಂಪಿ ಎಂದು ಹೆಸರು. ಬಯಾಸ್ ಪರದೆಯಲ್ಲಿ ನಾವೇ ಅದನ್ನು ಜಾರಿಗೊಳಿಸಬೇಕು.

ಹುಡುಗ ಒಂದು ಒಳ್ಳೆಯ ಶಿಸ್ತನ್ನು ಕಲಿಸಿದ. ಏನನ್ನಾದರೂ ಬದಲಿಸುವ ಮೊದಲು ಇದ್ದ ಸ್ಥಿತಿಯನ್ನು ಅಳೆಯಬೇಕು. ಬೇರೆ ಕೆಲಸಗಳನ್ನೆಲ್ಲ ಮುಚ್ಚಿ, ಒಂದೇ ಪರೀಕ್ಷೆಯನ್ನು ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಪ್ರೊಸೆಸರಿಗೆ ಸಿನೆಬೆಂಚ್ ಎಂಬ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿದಾಗ ಅದರ ಶಾಖ 95 ಡಿಗ್ರಿಗೆ ಏರಿ ವೇಗ ತಾನಾಗಿಯೇ ಕುಗ್ಗಿತು. ಸುಟ್ಟುಹೋಗದಂತೆ ಅದು ತನ್ನನ್ನು ತಾನೇ ಕಾಯ್ದುಕೊಳ್ಳುವ ರೀತಿ ಅದು. ಪೆಟ್ಟಿಗೆ ತೆರೆದು ನೋಡಿದರೆ ಫ್ಯಾನಿನ ಕೆಳಗೆ ಎರಡು ವರ್ಷಗಳ ಧೂಳು! ಅದನ್ನು ತೆಗೆದು, ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿದ ಮೇಲೆ ಶಾಖವು 80ರೊಳಗೆ ನಿಂತಿತು, ವೇಗ ಕುಗ್ಗಲಿಲ್ಲ.

ಅನಂತರ ಎಕ್ಸ್‌ಎಂಪಿ ಜಾರಿಗೊಳಿಸಿದೆವು. ಮೆಮೊರಿಯು ಕೇಳಿದ ಅಕ್ಷರವನ್ನು ಕೊಡಲಾರಂಭಿಸಲು ಮೊದಲು ಸುಮಾರು 14 ನ್ಯಾನೊಸೆಕೆಂಡ್ ಹಿಡಿಯುತ್ತಿದ್ದುದು 10ಕ್ಕೆ ಇಳಿಯಿತು. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಸಿನೆಬೆಂಚಿನ ಅಂಕ ಹೆಚ್ಚೇನೂ ಬದಲಾಗಲಿಲ್ಲ. ಆ ಕೆಲಸ ಬಹುಪಾಲು ಪ್ರೊಸೆಸರಿನೊಳಗೇ ನಡೆಯುವಂಥದು. ಆದರೆ ಸ್ಕ್ಯಾನ್ ಮಾಡಿದ ಪುಟಗಳನ್ನು 7-ಜಿಪ್‌ನಿಂದ ಒತ್ತಿ ಕಟ್ಟಾಗಿ ಕಟ್ಟುವ ನಮ್ಮ ನಿತ್ಯದ ಕೆಲಸವು 14 ನಿಮಿಷದಿಂದ 12ಕ್ಕೆ ಇಳಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ.

ಆಸೆಗೆ ಮಿತಿಯುಂಟೆ? "ಇನ್ನೊಂದೀಟು ಏರಿಸೋಣು" ಎಂದ ಹುಡುಗ, ಬೇಡವೆನ್ನದವರು ನಾವು. 3800ಕ್ಕೆ ಏರಿಸಿದೆವು. ಅಂಕಗಳು ಇನ್ನಷ್ಟು ಏರಿದವು, ಯಂತ್ರ ನಿಲ್ಲದೆ ಓಡಿತು. ಆ ಅಂಕಗಳನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೂ ಉಂಟು. ಮುಂದಿನ ಮೂರು ವಾರಗಳಲ್ಲಿ ಪತ್ರಗಳನ್ನೆಲ್ಲ ಹನ್ನೆರಡು ಕಟ್ಟುಗಳಾಗಿ ಕಟ್ಟಿ, ಸ್ಥಳ ಉಳಿಸಲೆಂದು ಬಿಡಿ ಪುಟಗಳ ಚಿತ್ರಗಳನ್ನು ಅಳಿಸಿಬಿಟ್ಟೆವು.

ದೀಪಾವಳಿಗೆ ತಂಗಿ ಬಂದಾಗ ಅವಳಿಗೆ ತೋರಿಸಲೆಂದು ತೆರೆದರೆ ಮೂರು ಕಟ್ಟುಗಳು ಕೆಟ್ಟುಹೋಗಿದ್ದವು. ಬೇರೆ ಡಿಸ್ಕಿನಲ್ಲಿ ಪ್ರತಿ ಇತ್ತು. ಕೆಟ್ಟ ಕಟ್ಟಿನ ಪ್ರತಿಯೂ ಕೆಟ್ಟದ್ದೇ ಆಗಿತ್ತು.

ಕಾರಣವನ್ನು ಆಮೇಲೆ ತಿಳಿದೆವು. ಮೆಮೊರಿಯು ಪ್ರತಿಯೊಂದು ಸೊನ್ನೆಯನ್ನೂ ಒಂದನ್ನೂ ಅತಿ ಸಣ್ಣ ವಿದ್ಯುದಂಶವಾಗಿ ಹಿಡಿದಿಡುತ್ತದೆ. ವೇಗ ಮಿತಿಮೀರಿದಾಗ ಸಂಕೇತವು ಸ್ಥಿರವಾಗಲು ಸಮಯ ಸಾಲದೆ, ಎಲ್ಲೋ ಒಂದು ಸೊನ್ನೆಯು ಒಂದಾಗುತ್ತದೆ. ಸರ್ವರುಗಳಲ್ಲಿ ಇಂಥ ತಪ್ಪನ್ನು ಕಂಡು ತಿದ್ದುವ ಇಸಿಸಿ ಮೆಮೊರಿ ಇರುತ್ತದೆ. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯಂತ್ರವು ತಪ್ಪನ್ನೇ ಸರಿಯೆಂದು ನಂಬಿ ಡಿಸ್ಕಿಗೆ ಬರೆಯುತ್ತದೆ. ಕೆಲವು ನಿಮಿಷಗಳ ವೇಗಪರೀಕ್ಷೆಗೆ ಇದು ಕಾಣುವುದಿಲ್ಲ. ಎಷ್ಟು ಬೇಗ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಎಷ್ಟು ಸರಿ ಎಂಬುದನ್ನಲ್ಲ.

ಸರಿಯನ್ನು ಅಳೆಯಲು ಬೇರೆಯೇ ಪರೀಕ್ಷೆಯಿದೆ. 1994ರಲ್ಲಿ ಕ್ರಿಸ್ ಬ್ರೇಡಿ ಎಂಬವರು ರಚಿಸಿದ ಮೆಮ್‌ಟೆಸ್ಟ್86 ಎಂಬುದನ್ನು ಪೆನ್‌ಡ್ರೈವಿನಿಂದ ಆರಂಭಿಸಿ ರಾತ್ರಿಯಿಡೀ ಓಡಲು ಬಿಡಬೇಕು. 3800ರಲ್ಲಿ ಎರಡನೆಯ ಗಂಟೆಗೇ ಕೆಂಪು ಸಾಲುಗಳು ಕಾಣಿಸಿಕೊಂಡವು. 3600ಕ್ಕೆ ಇಳಿಸಿದಾಗ ನಾಲ್ಕು ಸುತ್ತು ಮುಗಿದರೂ ಒಂದೂ ತಪ್ಪಿರಲಿಲ್ಲ. ನಮ್ಮ ಪ್ರೊಸೆಸರಿಗೆ ತಯಾರಕರು ಹೇಳಿರುವ ಮೆಮೊರಿ ವೇಗ 3200 ಮಾತ್ರ. ಆದ್ದರಿಂದ 3600 ಕೂಡ ಪರೀಕ್ಷಿಸಿಯೇ ನಂಬಬೇಕಾದದ್ದು.

ಟ್ರಂಕಿನ ಪತ್ರಗಳನ್ನು ಮತ್ತೆ ಸ್ಕ್ಯಾನ್ ಮಾಡಿದೆವು. ಒಂದು ಪುಟ ಮಾತ್ರ, ತವರಿನಿಂದ ಅವ್ವ ಬರೆದ ಪತ್ರದ ಕೊನೆಯದು, ಮಡಿಕೆ ಬಿಚ್ಚುವಾಗ ಪುಡಿಯಾಯಿತು. ಮೊದಲ ಸಲ ಸ್ಕ್ಯಾನ್ ಮಾಡುವಾಗಲೇ ಅದು ಕೊನೆಯ ಉಸಿರು ಹಿಡಿದಿತ್ತು. ಅದರಲ್ಲಿದ್ದ ನಾಲ್ಕು ಸಾಲು ತಂಗಿಗೆ ನೆನಪಿದೆ, ನಮಗೆ ಎರಡು. ಹುಡುಗ ಮುಖ ಕೆಳಗೆ ಮಾಡಿ ನಿಂತಿದ್ದ. ತಪ್ಪು ಅವನೊಬ್ಬನದಲ್ಲವೆಂದು ಹೇಳಿದೆವು. ಅಂಕಗಳನ್ನು ಗೋಡೆಗೆ ಅಂಟಿಸಿದವರು ನಾವಲ್ಲವೆ?

ಆದ್ದರಿಂದ ಮನೆಯ ಹಿರಿಯರಲ್ಲಿ ನಮ್ಮ ವಿನಂತಿ. ಮಕ್ಕಳು ಯಂತ್ರದ ವೇಗವನ್ನು ಹೆಚ್ಚಿಸಬಯಸಿದರೆ ತಡೆಯಬೇಡಿರಿ. ಅದರಲ್ಲಿ ಕಲಿಯುವುದು ಬಹಳವಿದೆ. ಆದರೆ ಮೊದಲು ಧೂಳು ತೆಗೆಯಿರಿ, ಅನಂತರ ಮೆಮೊರಿಯನ್ನು ಒಂದು ರಾತ್ರಿ ಪರೀಕ್ಷಿಸಿರಿ, ಕಟ್ಟಿದ ಕಟ್ಟನ್ನು ಒಮ್ಮೆ ತೆರೆದು ನೋಡಿರಿ. ಮೂಲವನ್ನು ಅಳಿಸುವ ಮಾತು ಇದೆಲ್ಲ ಆದ ಮೇಲೆ. ನಮ್ಮ ಗೋಡೆಯ ಮೇಲಿನ ಕಾಗದವನ್ನು ತೆಗೆದುಹಾಕಿದ್ದೇವೆ. ಆ ಜಾಗದಲ್ಲಿ ಈಗ ಅವ್ವನ ಪತ್ರದ ಉಳಿದ ಪುಟವೊಂದು ಚೌಕಟ್ಟಿನಲ್ಲಿದೆ.